ಒತ್ತು, ಹಿಡಿ, ಬಿಡು

ನೀಲವ್ವನನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಅಪ್ಪ ಗುರುಲಿಂಗಪ್ಪ ತನ್ನ ತಂಗಿಗೆ ಒಂದು ಮಾತು ಕೊಟ್ಟಿದ್ದ.

ತಂಗಿ ಶಿವಲಿಂಗವ್ವ ಅವತ್ತು ತೊಟ್ಟಿಲಿನಿಂದ ದೂರ, ಕಂಬದ ಮರೆಗೆ ನಿಂತಿದ್ದಳು. ಲಾರಿ ಓಡಿಸುತ್ತಿದ್ದ ಗಂಡ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಕಂದಕಕ್ಕೆ ಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. ಸೊಂಟದ ಮೇಲೆ ನಾಲ್ಕು ವರ್ಷದ ಮಗ ದುಂಡಪ್ಪ. ಹೆಂಗಸರ ಜೋಗುಳ ಮುಗಿದ ಮೇಲೆ ಗುರುಲಿಂಗಪ್ಪ ಅವಳನ್ನು ಮುಂದಕ್ಕೆ ಕರೆದು, ಕೂಸಿನ ಮುಷ್ಟಿ ಬಿಡಿಸಿ, ಅದರ ಬೆರಳನ್ನು ಆ ಹುಡುಗನ ಕೈಗೆ ಹಿಡಿಸಿದ.

"ಶಿವಲಿಂಗಾ, ಇಕಿ ನಿನ್ನ ಸೊಸಿ. ನನ್ನ ಮಾತು ಅಂದ್ರ ಮಾತು," ಎಂದ ಮನೆ ತುಂಬಿದ ಮಂದಿಯ ಮುಂದೆ.

ಆ ಮಾತಿನ ಜೊತೆಯಲ್ಲೇ ನೀಲವ್ವ ಬೆಳೆದಳು. ಶಾಲೆಗೆ ಹೊರಟರೆ ಗೆಳತಿಯರು "ದುಂಡಪ್ಪನ ಹೇಣ್ತಿ ಬಂದ್ಲು" ಎಂದು ನಗುತ್ತಿದ್ದರು. ಜತ್ತದ ಪೇಟೆಯಲ್ಲಿ ಅಪ್ಪನ ಕಾಳಿನ ಅಂಗಡಿಗೆ ಬಂದ ಹಳ್ಳಿಯ ಮುದುಕಿಯರು ಕೂಡ ಗಲ್ಲ ಹಿಡಿದು "ಅತ್ತಿ ಮನಿಗಿ ಯಾವಾಗ ಹೋಗಾಕಿ?" ಎಂದು ಕೇಳುತ್ತಿದ್ದರು. ಎಲ್ಲರೂ ಯಾವಾಗ ಎಂದು ಕೇಳಿದರು. ಹೋಗುತ್ತೀಯಾ ಎಂದು ಯಾರೂ ಕೇಳಲಿಲ್ಲ.

ಅದರ ಸಿಟ್ಟೇನೂ ಇರಲಿಲ್ಲ ಅವಳಿಗೆ. ಸಿಟ್ಟಿದ್ದದ್ದು ದುಂಡಪ್ಪನೂ ಕೇಳಲಿಲ್ಲವಲ್ಲ ಎಂದು.

ಅರವತ್ತೊಂಬತ್ತನೆಯ ಇಸವಿ. ನೀಲವ್ವನಿಗೆ ಇಪ್ಪತ್ತು ನಡೆಯುತ್ತಿತ್ತು. ದುಂಡಪ್ಪ ಕೊಲ್ಹಾಪುರದ ಗ್ಯಾರೇಜಿನಲ್ಲಿ ಕೆಲಸ ಕಲಿತು ಊರಿಗೆ ಮರಳಿದ್ದ. ಹೊಟ್ಟೆಪಾಡಿಗೆ ಹೊಲದ ಬಾವಿಗಳ ಎಂಜಿನ್ ರಿಪೇರಿ. ಉಳಿದ ಹೊತ್ತೆಲ್ಲ ಅವನು ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಕಾರು ಕಟ್ಟುತ್ತಿದ್ದ. ಗ್ಯಾರೇಜಿಗೆ ಒಮ್ಮೆ ರಿಪೇರಿಗೆ ಬಂದಿದ್ದ ಎರಡೇ ಸೀಟಿನ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಅವನ ಕಣ್ಣು ಮರೆತಿರಲಿಲ್ಲ. ಗುಜರಿಗೆ ಬಿದ್ದ ಹಳೆಯ ಫಿಯಾಟಿನ ಎಂಜಿನ್ನು, ಗೇರು, ಚಕ್ರ ತಂದ. ಮೈಯನ್ನು ಮಾತ್ರ ತಾನೇ ಅಲ್ಯೂಮಿನಿಯಂ ತಗಡು ಬಡಿದು ಮಾಡಿದ. ಉದ್ದ ಮೂತಿ, ಗಿಡ್ಡ ಬೆನ್ನು, ತಲೆಯ ಮೇಲೆ ಚಾವಣಿ ಇಲ್ಲ.

"ತಗಡಿನ ತೊಟ್ಟಲಾ ಮಾಡ್ಯಾನ ನಿನ್ನ ಮಗ," ಎಂದು ಗುರುಲಿಂಗಪ್ಪ ತಂಗಿಯ ಮುಂದೆ ನಗುತ್ತಿದ್ದ. ನಗುವಾಗ ಕಣ್ಣು ನಗುತ್ತಿರಲಿಲ್ಲ.

ಅತ್ತೆಯ ಮನೆ ಊರು ಮುಗಿಯುವಲ್ಲಿ, ಮುಚ್ಚಂಡಿ ರಸ್ತೆಯ ಬದಿಗಿತ್ತು. ಆ ಮಧ್ಯಾಹ್ನ ನೀಲವ್ವ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದಳು. ಅತ್ತೆ ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದವಳು ಡಬ್ಬಿ ತೆಗೆದುಕೊಳ್ಳಲೇ ಇಲ್ಲ.

"ಶೆಡ್ಡಿಗೇ ಒಯ್ದು ಕೊಡವ್ವಾ. ಮುಂಜಾನಿಂದ ಒಂದ ಸವನ ಕರ್ಯಾಕತ್ತಾನ, ಅವ್ವಾ ಬಾ, ಪೆಡಲ್ ಒತ್ತು ಬಾ ಅಂತ. ನನ್ನ ಮೊಣಕಾಲಿಗಿ ಆಗವಲ್ದು."

ಶೆಡ್ಡಿನೊಳಗೆ ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಚಪ್ಪಲಿ ಹೊರಗ ಬಿಟ್ಟು ಬಾ," ಎಂದವು ಕಾಲು.

"ಯಾಕ? ಗುಡಿ ಏನಿದು?"

"ಪೆಡಲಿಗಿ ಮಣ್ಣ ಹತ್ತತದ."

"ನಾ ಅಂತ ಹ್ಯಾಂಗ ಗೊತ್ತಾತು?"

ಕೆಳಗೆ ಒಂದು ನಟ್ಟು ಬಿಗಿದ ಸದ್ದು. "ಅವ್ವ ಬಂದ್ರ ಉಸರ್ ಹಾಕ್ಕೋತ ಬರ್ತಾಳ. ನೀ ಬಳಿ ಸಪ್ಪಳ ಮಾಡ್ಕೋತ ಬರ್ತೀ."

ನೀಲವ್ವ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ಬಿಗಿ ಮಾಡಿದಳು. ಬಾಗಿಲಿಲ್ಲದ ಕಾರಿನ ಪಕ್ಕೆ ದಾಟಿ, ಸೀಟಿನ ಬದಲು ಮಡಚಿಟ್ಟ ಗೋಣಿಚೀಲದ ಮೇಲೆ ಕೂತಳು. ಕಾಲ ಬುಡದಲ್ಲಿ ಇನ್ನೂ ಹಲಗೆ ಹಾಕಿರಲಿಲ್ಲ. ಕೆಳಗೆ ನೋಡಿದರೆ ಮಸಿ ಬಳಿದ ಅವನ ಮುಖ. ಅವನಿಗೆ ಮೇಲೆ ಕಾಣುತ್ತಿದ್ದದ್ದು ಅವಳ ಎರಡು ಪಾದ, ಹಸಿರು ಸೀರೆಯ ಅಂಚು, ಇನ್ನೂ ಕಾಲುಂಗುರ ಕಾಣದ ಬೆರಳು.

ಅವನು ನೋಟ ಬೇರೆ ಕಡೆ ಹೊರಳಿಸಲು ಮರೆತ. ಅವಳು ಸೆರಗಿನಿಂದ ಪಾದ ಮುಚ್ಚಿದಳು.

"ಮಿಸ್ತ್ರಿ ಸಾಹೇಬ್ರ, ಕೆಲಸ ಅದನೋ, ಸುಮ್ನ ಕರದೀರೋ?"

"ಎಡಗಡಿದು ಕ್ಲಚ್," ಎಂದ ಗಡಿಬಿಡಿಯಲ್ಲಿ. "ಮೆಲ್ಲಕ ಒತ್ತು. ಎಲ್ಲಿ ಬಿಗಿ ಹತ್ತತದ, ಅಲ್ಲಿ ನಿಂದರು."

ಅವಳು ಒತ್ತಿದಳು. ಪೆಡಲ್ ಮೊದಲು ಸುಮ್ಮನೆ ಹೋಯಿತು, ಆಮೇಲೆ ಪಾದಕ್ಕೆ ಭಾರ ಹತ್ತಿತು.

"ಇಲ್ಲಿ."

ಅವನು ಕೈಬೆರಳು ಚಾಚಿ ಅಳೆದ. ಸಲಾಕೆಯ ತುದಿಯ ನಟ್ಟನ್ನು ಅರ್ಧ ಸುತ್ತು ತಿರುವಿದ. "ಇನ್ನೊಮ್ಮೆ. ಶುರುವಿಗೆ ಒಂದ ಬಟ್ಟಿನಷ್ಟ ಅದು ಪುಕ್ಕಟೆ ಹೋಗಬೇಕು. ಆ ಜಾಗ ಇಲ್ಲಾಂದ್ರ ಒಳಗಿನ ಪ್ಲೇಟ ಜಾರಿ ಜಾರಿ ಸುಡತದ."

"ಜಾಗ ಭಾಳ ಬಿಟ್ರ?"

"ಗೇರ್ ಬೀಳಂಗಿಲ್ಲ. ಕಿರಚತಾವ."

"ಅಂದ್ರ ಭಾಳ ಹತ್ರನೂ ಬರಬಾರದು, ಭಾಳ ದೂರನೂ ನಿಂದರಬಾರದು."

"ಹೂಂ. ಅಷ್ಟ."

"ಮತ್ತ ನೀ ಯಾಕ ಅಷ್ಟ ದೂರ ನಿಂತೀ?"

ನಟ್ಟು ತಿರುವುವ ಪಾನ ಕೈಜಾರಿ ಅವನ ಎದೆಯ ಮೇಲೆ ಬಿತ್ತು. "ಹಾ" ಎಂದು ನರಳಿದ. ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕಳು.

ಕ್ಲಚ್ಚಿನ ಕೆಲಸ ಮುಗಿಸಿ ಅವನು ಹೊರಗೆ ತೆವಳಿ ಬಂದು ಬಲಗಡೆಯ ಮುಂದಿನ ಚಕ್ರದ ಡ್ರಮ್ ಬಿಚ್ಚಿದ. ಒಳಗೆ ಎರಡು ಬಾಗಿದ ಪಟ್ಟಿ, ರೊಟ್ಟಿಯ ಎರಡು ತುಂಡಿನ ಹಾಗೆ ಎದುರುಬದುರು. ನೀಲವ್ವ ಇಳಿದು ಬಂದು ಬಗ್ಗಿದಳು. ಒಂದರ ಮೇಲೆ ಬೆರಳಾಡಿಸಿದಳು.

"ಏಯ್!" ಅವನು ಅವಳ ಮಣಿಕಟ್ಟು ಹಿಡಿದ. "ಎಣ್ಣಿ ಕೈ!"

"ತಲಿ ಹಿಕ್ಕೊಂಡ ಬಂದೀನಿ. ಅದಕ್ಕೇನಾತು?"

"ಏನಾತು? ಈ ಪಟ್ಟಿ ಡ್ರಮ್ಮಿಗಿ ಉಜ್ಜಿದ್ರನ ಚಕ್ರ ನಿಂದರೂದು. ಎಣ್ಣಿ ಬಿದ್ರ ಜಾರತದ. ಬಲಗಡಿ ಜಾರಿ ಎಡಗಡಿ ಹಿಡದ್ರ ಗಾಡಿ ಎಡಕ್ಕ ಎಳದು ಒಗಿತದ." ಅವನ ದನಿ ತಗ್ಗಿತು. "ನಮ್ಮಪ್ಪನ ಲಾರಿ ಬಿಚ್ಚಿ ನೋಡಿದ್ದ ಮಿಸ್ತ್ರಿ ನನಗ ಹೇಳಿದ್ದ. ಹಿಂಗ ಆಗಿತ್ತಂತ."

ಅವನು ಉಸುಕುಕಾಗದ ತಗೊಂಡು ಅವಳ ಬೆರಳು ತಾಗಿದ ಜಾಗವನ್ನು ತಿಕ್ಕತೊಡಗಿದ. ಈ ಕಾರಿನಲ್ಲಿ ಅವನು ಮೊದಲು ಕಟ್ಟಿದ್ದು ಓಟವನ್ನಲ್ಲ, ನಿಲ್ಲುವುದನ್ನು ಎಂದು ಅವಳಿಗೆ ಆಗ ತಿಳಿಯಿತು. ಮಣಿಕಟ್ಟಿನ ಮೇಲೆ ಅವನ ಮಸಿಯ ಬೆರಳಿನ ಗುರುತು ಬಳೆಯ ಹಾಗೆ ಸುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಡ್ರಮ್ ಮತ್ತೆ ಏರಿತು, ಚಕ್ರ ಏರಿತು. ಡ್ರಮ್ಮಿನ ಮುಖದಲ್ಲಿ ಒಂದು ಸಣ್ಣ ತೂತು. ಅದರೊಳಗೆ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಹಲ್ಲು ತಿರುವುತ್ತ, ಚಕ್ರ ಉಜ್ಜುವವರೆಗೆ ಪಟ್ಟಿ ಸರಿಸಿ, ಮತ್ತೆ ಒಂದಿಷ್ಟು ಹಿಂದಕ್ಕೆ ಬಿಟ್ಟ. ಕೊನೆಗೆ ಉಳಿದದ್ದು ನಳಿಗೆಯಿಂದ ಗಾಳಿ ತೆಗೆಯುವ ಕೆಲಸ. ಬ್ರೇಕಿನ ನಳಿಗೆಯಲ್ಲಿ ಎಣ್ಣೆ ತುಂಬಿರಬೇಕು, ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಒಬ್ಬರು ಮೇಲೆ ಒತ್ತಬೇಕು, ಒಬ್ಬರು ಕೆಳಗೆ ಚಕ್ರದ ಹಿಂದಿನ ಚಿಕ್ಕ ತಿರುಪು ಬಿಚ್ಚಿ, ಗಾಳಿ ಕೂಡಿದ ಎಣ್ಣೆಯನ್ನು ಒಂದು ಸೀಸೆಗೆ ಬಿಟ್ಟು, ಮುಚ್ಚಬೇಕು.

"ನಾ ಹೇಳಿದಂಗ ಮಾಡು. ಯಾಕ, ಏನು ಕೇಳಬ್ಯಾಡ. ನಡುವ ಕಾಲ ತಗದ್ರ ಗಾಳಿ ಒಳಗ ಹೊಕ್ಕತದ." ಅವನು ಮತ್ತೆ ಕೆಳಗೆ ಸೇರಿದ. "ಒತ್ತು."

ಅವಳು ಒತ್ತಿದಳು.

"ಹಿಡಿ."

ಹಿಡಿದಳು. ಸೀಸೆಯೊಳಗೆ ಗುಳುಗುಳು ಸದ್ದು.

"ಬಿಡು."

ಒತ್ತು, ಹಿಡಿ, ಬಿಡು. ಒಂದು ಚಕ್ರ, ಇನ್ನೊಂದು ಚಕ್ರ. ಮುಖ ಕಾಣದ ಇಬ್ಬರ ನಡುವೆ ಮೂರೇ ಮಾತು. ಮೊದಮೊದಲು ಅಪ್ಪಣೆಯ ಹಾಗೆ ಬರುತ್ತಿದ್ದ ಅವನ ದನಿ ಬರಬರುತ್ತ ಪಿಸುಮಾತಾಯಿತು. ಒಮ್ಮೊಮ್ಮೆ ಅವನು ಹೇಳುವ ಮೊದಲೇ ಅವಳ ಪಾದಕ್ಕೆ ತಿಳಿಯುತ್ತಿತ್ತು.

"ಒತ್ತು... ಹಿಡಿ."

ಅವಳು ಹಿಡಿದುಕೊಂಡೇ ಕೇಳಿದಳು. "ದುಂಡಪ್ಪಾ, ನನ್ನ ನೀ ಯಾವತ್ತರ ಕೇಳೀಯೇನು?"

"ಏನು?"

"ಬರ್ತೀಯೇನು ಅಂತ."

ಕೆಳಗೆ ತಿರುಪು ತೆರೆದೇ ಉಳಿಯಿತು. ಎಣ್ಣೆ ಅವನ ಅಂಗೈ ಮೇಲೆ ಹರಿಯುತ್ತಿತ್ತು.

"ಮಾವ ಕೊಟ್ಟ ಮಾತು ಐತೆಲ್ಲಾ," ಎಂದ ಕೊನೆಗೆ.

"ಅದು ಅಪ್ಪಂದು, ಅತ್ತೀದು. ನಂದೆಲ್ಲೈತಿ?"

"ನೀಲವ್ವ, ಆ ಮಾತು ಇರೂತನ ನಾ ಏನ್ ಕೇಳಿದ್ರೂ ನಂದ ವಸ್ತು ಕೊಡು ಅಂದಂಗ ಆಗತದ. ನೀ ಒಲ್ಲೆ ಅನ್ನಾಕೂ ಬರಂಗಿಲ್ಲ. ಅಂಥಾದು ಹ್ಯಾಂಗ ಕೇಳ್ಲಿ?"

ಅವಳ ಪಾದ ತಾನಾಗಿ ಮೇಲಕ್ಕೆ ಬಂತು. ಸೀಸೆ ಬುಸ್ ಎಂದಿತು.

"ಹೋತು!" ಎಂದು ಅವನು ಕೂಗಿದ. "ಗಾಳಿ ಹೊಕ್ಕಿತು! ಮತ್ತ ಮೊದಲಿಂದ!"

ಅವರು ಮೊದಲಿನಿಂದ ಶುರು ಮಾಡಿದರು. ಇಬ್ಬರಿಗೂ ಅದರ ಬೇಸರವಿದ್ದ ಹಾಗೆ ಕಾಣಲಿಲ್ಲ.

ಕೊನೆಯ ಚಕ್ರ ಮುಗಿದು, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಗುರುಲಿಂಗಪ್ಪ ನಿಂತಿದ್ದ. ನೀಲವ್ವ ಕಾರಿನಿಂದ ಇಳಿದು ಗೋಡೆಗೆ ಸರಿದಳು.

"ಕುಂದರ್ರಿ ಮಾವ," ಎಂದ ದುಂಡಪ್ಪ ಕೈ ಒರೆಸಿಕೊಳ್ಳುತ್ತ.

"ಕುಂದ್ರಾಕ ಬಂದಿಲ್ಲ. ವಿಜಾಪುರದಿಂದ ಒಂದ ಸಂಬಂಧ ಬಂದೈತಿ. ಹುಡುಗ ಕಚೇರಿ ಕೆಲಸದಾಗ ಅದಾನ. ಸಂತಿ ಮರದಿನ ನೋಡಾಕ ಬರ್ತೀವಿ ಅಂತಾರ." ಅವನು ಕಾರಿನ ಮೂತಿಯನ್ನು ಕೋಲಿನಿಂದ ಮುಟ್ಟಿದ. "ನಾ ಮಾತ ಮುರಿಯೂ ಮನಶ್ಯಾ ಅಲ್ಲ. ಆದ್ರ ನನ್ನ ತಂಗೀ ಕುಂಕಮ ಅಳಿಸಿದ್ದು ನೋಡೀನಿ. ಮಗಳ್ದೂ ನೋಡಬೇಕೇನು?"

"ಇದರ ಬ್ರೇಕ್ ನಾನ ಕೂಡ್ಸೀನಿ, ಮಾವ."

"ಹಂಗಾರ ತೋರ್ಸು. ಸಂತಿ ದಿನ ಮುಚ್ಚಂಡಿ ಏರಿನ ಮ್ಯಾಲಿಂದ ಇಳಿಸಿಕೊಂಡ ಬಾ. ಬಾಜೂಕ ನಾ ಕುಂದರ್ತೀನಿ. ನಾ ನಿಂದ್ರಸು ಅಂದಲ್ಲಿ ನಿಂದರಬೇಕು. ನಿಂತ್ರ ನನ್ನ ಮಾತು ಉಳೀತು. ಇಲ್ಲಾಂದ್ರ ವಿಜಾಪುರದವ್ರಿಗೆ ಬರ್ರಿ ಅಂತೀನಿ."

"ಮಾವ, ನೀವ್ಯಾಕ? ನಾ ಒಬ್ಬನ..."

"ನನ್ನ ಮಗಳು ಕುಂದರೂ ಜಾಗಾ ಅದು. ಮೊದಲ ನಾ ಕುಂದರ್ತೀನಿ."

ಅವನು ಹೋದ. ಅವರಿಬ್ಬರೂ ತನ್ನ ಬಗ್ಗೆಯೇ ಮಾತಾಡಿದರು, ತನ್ನ ಜೊತೆ ಅಲ್ಲ ಎಂದುಕೊಂಡಳು ನೀಲವ್ವ. ಆದರೂ ಅಪ್ಪ ರಸ್ತೆ ಸೇರುವವರೆಗೆ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಸಂತೆಯ ಹಿಂದಿನ ದಿನ ದುಂಡಪ್ಪ ಒಬ್ಬನೇ ಕಾರನ್ನು ರಸ್ತೆಗೆ ತಂದು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ನಿಲ್ಲಿಸಿ ನೋಡಿದ. ಚಕ್ರ ನಾಲ್ಕೂ ಒಂದೇ ಗೆರೆಯಲ್ಲಿ ನಿಂತವು. ರಾತ್ರಿ ಕಾರನ್ನು ಮನೆಯ ಎಡಗೋಡೆಗೆ ಒತ್ತಿ ನಿಲ್ಲಿಸಿದ.

ಸಂತೆಯ ಬೆಳಿಗ್ಗೆ ಶಿವಲಿಂಗವ್ವ ಮಗ ಸ್ನಾನಕ್ಕೆ ಹೋದ ಹೊತ್ತು ನೋಡಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದಳು. ಆ ಮನೆತನದಲ್ಲಿ ಹೊಸ ಚಕ್ಕಡಿ ಮೊದಲ ದಾರಿ ಹಿಡಿಯುವಾಗ ಮನೆಯ ಹಿರಿಯ ಹೆಂಗಸು ಗಾಲಿಗೆ ಕುಂಕುಮ ಹಚ್ಚಿ, ಅಚ್ಚಿಗೆ ತನ್ನ ಕೈಯಾರೆ ಎಣ್ಣೆ ಎರೆಯುವುದು ನಡೆದು ಬಂದ ಪದ್ಧತಿ. ಅವಳ ಗಂಡನ ಲಾರಿಗೆ ಅದನ್ನು ಮಾಡಿರಲಿಲ್ಲ. ಲಾರಿ ಸಾಹುಕಾರನದು, ಅವನ ಊರಲ್ಲೇ ನಿಂತಿರುತ್ತಿತ್ತು. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಉಳಿದಿದ್ದದ್ದು ಅದೊಂದೇ.

ಗುರುಲಿಂಗಪ್ಪ ಇಸ್ತ್ರಿ ಮಾಡಿದ ಕೋಟು, ಹಳದಿ ರುಮಾಲು ಹಾಕಿಕೊಂಡು ಬಂದ. ಜೊತೆಗೆ ನೀಲವ್ವ. ದುಂಡಪ್ಪ ಅವಳತ್ತ ಒಮ್ಮೆ ನೋಡಿದ, ಅಷ್ಟೇ. ಮಾವ ಪಕ್ಕದಲ್ಲಿ ಕೂತ. ಕ್ಲಚ್ ಒತ್ತಿದ, ಗೇರ್ ಸದ್ದಿಲ್ಲದೆ ಬಿತ್ತು, ಕಾರು ಸಾಗಿತು. ಮುಚ್ಚಂಡಿ ಕಡೆಗೆ ಹೋಗುವ ದಾರಿಯೆಲ್ಲ ಏರು. ಬ್ರೇಕಿಗೆ ಕೆಲಸವಿರಲಿಲ್ಲ, ಆಕ್ಸಿಲರೇಟರ್ ಬಿಟ್ಟರೆ ಏರಿನಲ್ಲಿ ಕಾರು ತಾನೇ ನಿಲ್ಲುತ್ತಿತ್ತು. ರಸ್ತೆ ದೊಡ್ಡ ಸುತ್ತು ಹಾಕಿ ಗುಡ್ಡ ಹತ್ತುತ್ತಿತ್ತು. ಮೇಲೆ ಬೀರದೇವರ ಗುಡಿ. ಅಲ್ಲಿ ಕಾಯಿ ಒಡೆಸಿ, ಕಾರು ತಿರುಗಿಸಿ, ಇಳಿಯಬೇಕು.

"ಕುಂದರವ್ವ," ಎಂದಳು ಮನೆಯಲ್ಲಿ ಉಳಿದ ಅತ್ತೆ, ಚಹದ ಲೋಟ ನೀಲವ್ವನ ಕೈಗಿಡುತ್ತ. ಅವಳ ಮುಖ ಹೊಳೆಯುತ್ತಿತ್ತು. "ಏನೂ ಆಗಂಗಿಲ್ಲ. ನಾ ಎಲ್ಲಾ ಮಾಡೀನಿ."

"ಏನ್ ಮಾಡೀರಿ ಅತ್ತಿ?"

"ಗಾಲಿಗೆ ಎಣ್ಣಿ ಹಾಕೀನಿ. ಪಾಪ, ಗಡಿಬಿಡ್ಯಾಗ ಮರತಿದ್ದ ನೋಡು. ಗಾಲಿ ನಡುವ ಎಣ್ಣಿ ಬಿಡಾಕ ತೂತ ಮಾಡ್ಯಾನ, ಬೆರಳ ಹಾಕಿದ್ರ ಒಣಾ! ಚಲೋ ಗಾಣದ ಕುಸುಬಿ ಎಣ್ಣಿ ಎರದೀನಿ. ಗ್ವಾಡಿ ಕಡೀದು ಎರಡು ಸಿಗಲಿಲ್ಲ, ಈ ಕಡೀದು ಎರಡೂ ತುಂಬೀನಿ."

ನೀಲವ್ವನ ಕೈಯಲ್ಲಿದ್ದ ಚಹದ ಲೋಟ ವಾಲಿ ಸೀರೆಯ ಮೇಲೆ ಚೆಲ್ಲಿತು.

ಈ ಕಡೆಯವು ಎರಡು. ಬಲಗಡೆಯವು. ಎಡಕ್ಕೆ ಎಳೆದು ಒಗೆಯುತ್ತದೆ. ಇಳಿಜಾರಿನ ಎಡಕ್ಕೆ ಕಲ್ಲುಗಣಿಯ ಗುಂಡಿ.

"ಯಾಕವ್ವಾ? ಮಾರಿ ಯಾಕ ಹಿಂಗಾತು?"

ಹೇಳಬೇಕಿತ್ತು. ಆದರೆ ಅತ್ತೆಯ ಬೆರಳ ತುದಿಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು.

"ಏನಿಲ್ಲತ್ತಿ. ನಾ ಗುಡ್ಡದ ಮ್ಯಾಲಿಂದ ನೋಡತೀನಿ," ಎಂದವಳೇ ಹಿತ್ತಲ ಬೇಲಿ ದಾಟಿದಳು.

ರಸ್ತೆ ಸುತ್ತಿ ಹೋದರೂ ಕುರಿಗಳ ಹಾದಿ ನೆಟ್ಟಗೆ ಗುಡ್ಡ ಏರುತ್ತಿತ್ತು. ಅವಳು ಕಚ್ಚೆ ಬಿಗಿದು ಓಡಿದಳು. ಚಪ್ಪಲಿ ಯಾವಾಗ ಕಳಚಿತೋ ಗೊತ್ತಿಲ್ಲ. ಅರ್ಧ ದಾರಿಯಲ್ಲಿ ಕುರುಬರ ಭರಮಣ್ಣ ಮಾಡಗ್ಯಾಳ ತಳಿಯ ಕುರಿಗಳ ಹಿಂಡನ್ನು ಸಂತೆಗೆ ಇಳಿಸುತ್ತಿದ್ದ.

"ಯಣ್ಣಾ, ಕುರಿ ರೋಡಿಗಿ ಬಿಡಬ್ಯಾಡ! ಗಾಡಿ ಬರಾಕತ್ತೈತಿ, ನಿಂದರಂಗಿಲ್ಲ!"

"ಅಯ್ಯ, ಯಾರ ಗಾಡಿವ್ವ?"

"ನಮ್ದು!" ಎಂದು ಓಡುತ್ತಲೇ ಕೂಗಿದಳು. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೆ ಆಮೇಲೆ ಕೇಳಿಸಿತು.

ಮೇಲಿನಿಂದ ಎಂಜಿನ್ನಿನ ಸದ್ದು. ಅವಳು ರಸ್ತೆಯ ಬಲಬದಿಯ ದಿಬ್ಬ ಹತ್ತಿ ನಿಂತಾಗ ಕಾರು ತಿರುವಿನಿಂದ ಹೊರಗೆ ಬಂದಿತ್ತು. ಉದ್ದನೆಯ ಮೂತಿ ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತ, ನೋಡನೋಡುತ್ತ ದೊಡ್ಡದಾಯಿತು. ಪಕ್ಕದಲ್ಲಿ ಅಪ್ಪನ ಹಳದಿ ರುಮಾಲು. ಅಪ್ಪನ ಕೈ ಮೇಲೇಳುತ್ತಿತ್ತು. ನಿಲ್ಲಿಸು ಎನ್ನಲು.

"ಒತ್ತಬ್ಯಾಡ!" ನೀಲವ್ವ ಎರಡೂ ಕೈ ಎತ್ತಿ ಕಿರುಚಿದಳು. "ದುಂಡಪ್ಪಾ, ಬಿಡು! ಬಿಡು! ಬಿಡು!"

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ, ತುಟಿ ಕಂಡಿತೋ. ಬ್ರೇಕಿನ ಮೇಲೆ ಇಳಿಯುತ್ತಿದ್ದ ಪಾದವನ್ನು ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ತೆಗೆದ.

"ನಿಂದ್ರಸು!" ಗುರುಲಿಂಗಪ್ಪ ಕೂಗಿದ. "ಏ ನಿಂದ್ರಸೋ!"

ದುಂಡಪ್ಪ ಎಡಪಾದವನ್ನು ಕ್ಲಚ್ಚಿನ ಮೇಲೆ ಹಾಕಿದ. ಮೂರರಿಂದ ಎರಡು. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಎಂಜಿನ್ನು ಊಳಿಟ್ಟಿತು, ಕಾರು ಮೂಗು ತಗ್ಗಿಸಿತು, ವೇಗ ಸ್ವಲ್ಪ ಮುರಿಯಿತು. ಕೆಳಗೆ ಸಂತೆಯ ಚಕ್ಕಡಿಗಳು, ಬುಟ್ಟಿ ಹೊತ್ತ ಹೆಂಗಸರು. ಮತ್ತೆ ಕ್ಲಚ್. ಎರಡರಿಂದ ಒಂದು. ಈ ಸಲ ಹಲ್ಲುಗಳು ಕಿರುಚಿದವು, ಆದರೆ ಕೂತವು. ಎಡಕ್ಕೆ ಗಣಿಯ ಗುಂಡಿ ಬಾಯಿ ತೆರೆದು ಜಾರಿಹೋಯಿತು. ಅವನು ಸ್ಟೇರಿಂಗನ್ನು ಬಲಕ್ಕೆ ಮುರಿದು, ಒಡ್ಡಿನ ತಗ್ಗು ಜಾಗದಿಂದ ಕಾರನ್ನು ಉತ್ತ ಹೊಲಕ್ಕೆ ನುಗ್ಗಿಸಿದ. ಮಣ್ಣು ಎರಡು ರೆಕ್ಕೆಯಾಗಿ ಎದ್ದಿತು. ಹ್ಯಾಂಡ್ ಬ್ರೇಕ್ ಎಳೆದ. ಕಾರು ಕೆಮ್ಮಿತು. ನಿಂತಿತು.

ಸ್ವಲ್ಪ ಹೊತ್ತು ಧೂಳು ಮಾತ್ರ ಇತ್ತು.

ನೀಲವ್ವ ಹೆಂಟೆಗಳ ಮೇಲೆ ಎಡವುತ್ತ ಬಂದು ಸೇರಿದಾಗ ಅಪ್ಪ ಒಡ್ಡಿನ ಮೇಲೆ ಕೂತು ರುಮಾಲಿನ ಮಣ್ಣು ಝಾಡಿಸುತ್ತಿದ್ದ. ದುಂಡಪ್ಪ ಬಲಗಡೆಯ ಮುಂದಿನ ಚಕ್ರದ ಮುಂದೆ ಮೊಣಕಾಲೂರಿದ್ದ. ತೂತಿನಿಂದ ಇಳಿದ ಎಣ್ಣೆ ಕುಂಕುಮವನ್ನು ಕಲೆಸಿಕೊಂಡು ಕೆಂಪು ಗೆರೆಯಾಗಿ ಹರಿದಿತ್ತು. ಅವನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಕುಸುಬಿ ಎಣ್ಣೆ. ಬೆನ್ನು ಹಾಗೆಯೇ ನಿಂತುಹೋಯಿತು.

ತಲೆಯೆತ್ತಿ ನೀಲವ್ವನನ್ನು ನೋಡಿದ. ಅವಳ ಕಾಲಿನಿಂದ ರಕ್ತ ಬರುತ್ತಿತ್ತು. ಅವಳ ಕಣ್ಣಿನಲ್ಲಿ ಅವನಿಗೆ ಎಲ್ಲ ಸಿಕ್ಕಿತು. ಯಾರು ಎರೆದದ್ದು, ಏಕೆ ಎರೆದದ್ದು, ಅವಳು ಯಾರಿಗೂ ಹೇಳಿಲ್ಲ ಎಂಬುದು.

ಅವನು ಹೆಗಲ ಮೇಲಿನ ಅರಿವೆಯಿಂದ ಗೆರೆಯನ್ನು ನಿಧಾನ ಒರೆಸಿಬಿಟ್ಟ.

"ಬ್ರೇಕ್ ಹಿಡೀತಿತ್ತೋ ಇಲ್ಲೋ?" ಗುರುಲಿಂಗಪ್ಪನ ದನಿ ಒಣಗಿತ್ತು.

"ಹಿಡೀತಿದ್ದಿಲ್ಲರಿ, ಮಾವ."

"ಯಾರ ತಪ್ಪು?"

"ನಂದರಿ. ಕೂಡ್ಸೂದ್ರಾಗ ತಪ್ಪೇನಿ."

"ನಂದಪ್ಪಾ," ಎಂದಳು ನೀಲವ್ವ ಅದೇ ಉಸಿರಿನಲ್ಲಿ. "ಪೆಡಲ್ ಒತ್ತಿದಾಕಿ ನಾನು. ನಡುವ ಕಾಲ ತಗದೆ. ಗಾಳಿ ಹೊಕ್ಕಿತ್ತು. ಮನಿಯಾಗ ಕುಂತಾಗ ನೆಪ್ಪಾತು."

ಅಪ್ಪ ಇಬ್ಬರನ್ನೂ ನೋಡಿದ. ಒಂದೇ ತಪ್ಪಿಗೆ ಎರಡು ಹೆಗಲು ಬಂದದ್ದು ಅವನ ವ್ಯಾಪಾರದ ಕಣ್ಣಿಗೆ ಸರಿ ಕಾಣಲಿಲ್ಲ. ಆದರೆ ಅಷ್ಟರಲ್ಲಿ ರಸ್ತೆಯ ಕಡೆಯಿಂದ ಶಿವಲಿಂಗವ್ವ ಏದುಸಿರು ಬಿಡುತ್ತ, ಮೊಣಕಾಲು ಹಿಡಿದುಕೊಂಡು ಬಂದಳು. ಬಂದವಳೇ ಮಗನ ಮುಖ, ಹೆಗಲು, ಕೈ ಮುಟ್ಟಿ ನೋಡಿದಳು. ಆಮೇಲೆ ಅಣ್ಣನದು.

"ಉಳದ್ರಿ," ಎಂದಳು. "ದೇವರು ಉಳಿಸಿದ. ನನ್ನ ಎಣ್ಣಿ ಕಾಯ್ತು."

ನೀಲವ್ವ ಕೆಳಗಿನ ತುಟಿ ಕಚ್ಚಿದಳು. ದುಂಡಪ್ಪ ತಾಯಿಯ ಕೈಯನ್ನು ತನ್ನ ಕೆನ್ನೆಯ ಮೇಲೆಯೇ ಹಿಡಿದುಕೊಂಡ. "ಹೌದವ್ವಾ," ಎಂದ. "ಕಾಯ್ತು."

ಆ ಕ್ಷಣದಲ್ಲಿ ನೀಲವ್ವನಿಗೆ ಅವನು ತನ್ನವನೆಂಬುದು ಗೊತ್ತಾಯಿತು. ಮಂದಿ ಇಪ್ಪತ್ತು ವರ್ಷ ಹೇಳಿದ್ದು ಕಿವಿಗೆ ಹೊಕ್ಕಿತ್ತು, ಎದೆಗೆ ಹೊಕ್ಕಿರಲಿಲ್ಲ.

ಗುರುಲಿಂಗಪ್ಪ ಎದ್ದು ನಿಂತ. "ಶಿವಲಿಂಗಾ, ಕೇಳು. ನಿಂದರ್ತದ ಅಂದಿದ್ದ ನಿನ್ನ ಮಗ, ನಿಂದರಲಿಲ್ಲ. ತನ್ನ ತಪ್ಪ ಅಂತ ತಾನ ಒಪ್ಪ್ಯಾನ. ತೊಟ್ಟಲ ಮುಂದ ನಿನಗ ಕೊಟ್ಟ ಮಾತು ನಾ ಹಿಂದಕ್ಕ ತಗೊಂಡೆ."

ಶಿವಲಿಂಗವ್ವ ಸೆರಗಿನಿಂದ ಕಾರಿನ ಮೂತಿಯ ಮೇಲಿನ ಮಣ್ಣು ಒರೆಸತೊಡಗಿದಳು. ಒರೆಸಿದಲ್ಲೇ ಒರೆಸಿದಳು.

ಸತ್ಯ ಒಂದು ಹೆಜ್ಜೆಯ ದೂರದಲ್ಲಿತ್ತು. ದುಂಡಪ್ಪನ ಕೈಯಲ್ಲಿದ್ದ ಅರಿವೆ ಬಿಚ್ಚಿ ತೋರಿಸಿದರೆ ಸಾಕು, ಮಾತು ಉಳಿಯುತ್ತಿತ್ತು. ಅವನು ಅರಿವೆಯನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದ. ನೀಲವ್ವ ಅದನ್ನು ನೋಡಿದಳು, ಸುಮ್ಮನಿದ್ದಳು.

ಆಮೇಲೆ ಅವನು ಅವಳ ಮುಂದೆ ಬಂದು ನಿಂತ. ಮಾವನ ಎದುರು, ತಾಯಿಯ ಎದುರು, ಒಡ್ಡಿನ ಮೇಲೆ ಕುರಿ ಹಿಡಿದು ನಿಂತ ಭರಮಣ್ಣನ ಎದುರು. ಮುಖದ ತುಂಬ ಹೊಲದ ಮಣ್ಣು, ಕಣ್ಣು ಮಾತ್ರ ತೊಳೆದಿಟ್ಟ ಹಾಗೆ.

"ನೀಲವ್ವ, ಈಗ ನನ್ನ ಕೈಯಾಗ ಯಾರ ಮಾತೂ ಇಲ್ಲ. ಒಲ್ಲೆ ಅಂದ್ರ ನೀ ಒಲ್ಲೆ, ಅಷ್ಟ." ಅವನು ಅಂಗೈಯ ಮಣ್ಣು ಒರೆಸಿಕೊಂಡ. "ನನ್ನ ಕೂಡ ಬರ್ತೀಯೇನು?"

ಅವಳು ಇಪ್ಪತ್ತು ವರ್ಷ ಕಾಯ್ದ ಮಾತು. ಅದು ಬಂದಾಗ ಕಣ್ಣು ತುಂಬಿತು, ಆದರೂ ತುಟಿಯ ಒಂದು ಮೂಲೆ ಏರಿತು.

"ಯಾತರಾಗ? ಈ ಗಾಡ್ಯಾಗೇನು?"

"ಗಾಡ್ಯಾಗರ ಬಾ, ನಡಕೋತರ ಬಾ."

"ಬರ್ತೀನಿ," ಎಂದಳು. ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀ ಕೊಟ್ಟ ಮಾತು ನೀ ತಗೊಂಡಿ. ಚಲೋ ಆತು. ಇದು ನಂದು. ವಿಜಾಪುರದವ್ರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು."

ಗುರುಲಿಂಗಪ್ಪ ಬಹಳ ಹೊತ್ತು ರುಮಾಲು ಸುತ್ತಿದ. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಏನೋ ದುಂಡಪ್ಪ," ಎಂದ ಕೊನೆಗೆ. "ಆಕಿ ಬಿಡು ಅಂದ್ಲು. ಬಾಜೂಕ ಕುಂತು ನಾ ನಿಂದ್ರಸು ಅಂದೆ. ನೀ ಆಕೀ ಮಾತ ಕೇಳ್ದಿ. ಯಾಕ ಅಂತ ಸೈತ ಕೇಳಲಿಲ್ಲ."

"ಕೇಳಾಕ ಟೈಮ್ ಎಲ್ಲಿತ್ತರಿ, ಮಾವ?"

"ಟೈಮ್ ಇದ್ದಾಗೂ ನಾ ನನ್ನ ಹೇಣ್ತಿ ಮಾತು ಹಂಗ ಒಮ್ಮೀನೂ ಕೇಳಿಲ್ಲ." ಅವನು ಮಗಳ ರಕ್ತ ಸೋರುವ ಪಾದ ನೋಡಿದ. ಮುಖ ಆಚೆ ತಿರುಗಿಸಿದ. "ಮೊದಲ ಈ ತಗಡ ಹೊಲದಿಂದ ಹೊರಗ ತೆಗೀರಿ. ಮಂದಿ ಹೊಲ ಇದು. ಭರಮಣ್ಣಾ, ಏನ್ ನೋಡ್ಕೋತ ನಿಂತೀ? ಬಾ, ಹಿಂದಿಂದ ನೂಕು."

ನಾಲ್ವರೂ ಕಾರಿಗೆ ಕೈ ಹಚ್ಚಿದರು. ಶಿವಲಿಂಗವ್ವ ಸ್ಟೇರಿಂಗ್ ಹಿಡಿದು ಕೂತಳು. ಯಾರೂ ಅವಳಿಗೆ ಬ್ರೇಕ್ ಒತ್ತಲು ಹೇಳಲಿಲ್ಲ.

ಮಾಘದಲ್ಲಿ ನೀಲವ್ವ ದುಂಡಪ್ಪರ ಮದುವೆಯಾಯಿತು. ಗುರುಲಿಂಗಪ್ಪ ತಂಗಿಗೆ ಕೊಟ್ಟಿದ್ದ ಮಾತು ಮುರಿದುಹೋಗಿತ್ತು.